ಎದುರುಮನೆ ಅಂಕಲ್ ಚಕ್ರಕ್ಕೆ ಧೂಳು ಕೂರುವಂತಿರಲಿಲ್ಲ

ಮೊನ್ನೆ ಶಿವಾಜಿನಗರದಲ್ಲಿ ಕಾರಿನ ಬಿಡಿಭಾಗ ಮಾರುವ ಅಂಗಡಿಗೆ ಹೋಗಿದ್ದೆ. ನನ್ನ ಕಾರಿನ ಬ್ರೇಕ್ ಪ್ಯಾಡ್ ಸವೆದಿದ್ದವು. ಅಂಗಡಿಯವರು ಎರಡು ಡಬ್ಬಿ ತಂದು ಮುಂದಿಟ್ಟು, "ಇದು ಗಟ್ಟಿಯಾಗಿ ಹಿಡಿಯುತ್ತೆ ಸಾರ್, ಆದ್ರೆ ಧೂಳು ಬಿಡುತ್ತೆ. ಇದರಲ್ಲಿ ಧೂಳು ಕಮ್ಮಿ, ವೀಲ್ ಕ್ಲೀನಾಗಿರುತ್ತೆ" ಎಂದರು. ಪಕ್ಕದಲ್ಲಿ ಯಾರೋ ಪಾಲಿಶ್ ಡಬ್ಬಿಯ ಮುಚ್ಚಳ ತೆಗೆದರು. ಮೇಣಕ್ಕೆ ಸೀಮೆಎಣ್ಣೆ ಕಲಸಿದಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಜೀವನ್ ಬಿಮಾ ನಗರದ ನಮ್ಮ ಎದುರುಮನೆ ಅಂಕಲ್ ನೆನಪಾದರು. ಕಾರಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತ ಅಂಕಲ್. ದೇವರ ಮುಂದೆ ಕೂಡ ಅವರು ಅಷ್ಟು ಹೊತ್ತು ಕೂತದ್ದನ್ನು ಕಂಡವರಿಲ್ಲ.

ಸ್ವಯಂನಿವೃತ್ತಿ ತೆಗೆದುಕೊಂಡ ಮೇಲೆ ಅವರೊಂದು ಕೆಂಪು ಕಾರು ಕೊಂಡಿದ್ದರು. ಸ್ಪೋರ್ಟ್ಸ್ ಮಾಡೆಲ್ಲು, ಬೆಳ್ಳಿ ಬಣ್ಣದ ಅಲಾಯ್ ಚಕ್ರ, ನಾಲ್ಕಕ್ಕೂ ಡಿಸ್ಕ್ ಬ್ರೇಕು. ಬಾಣದ ಹಾಗೆ ಹೋಗಬಲ್ಲ ಆ ಗಾಡಿ ದಿನಾ ಹೋಗುತ್ತಿದ್ದದ್ದು ಹಾಲಿನ ಬೂತಿಗೆ, ಬ್ಯಾಂಕಿಗೆ, ಹೆಚ್ಚೆಂದರೆ ಹಲಸೂರಿಗೆ. ಒಳಗೆ ಕೂರುವ ಪುಣ್ಯ ಬಂದವರು ಚಪ್ಪಲಿ ಬಿಚ್ಚಿ, ಒಂದಕ್ಕೊಂದು ಬಡಿದು, ಆಮೇಲೆ ಹತ್ತಬೇಕು. ಅವರ ಹೆಂಡತಿ, ಪಾಪ ಆಂಟಿ, ಸೊಪ್ಪಿನ ಚೀಲ ಹಿಡಿದು ಆಟೋದಲ್ಲಿ ಬರುತ್ತಿದ್ದರು. ಸೊಪ್ಪಿನಲ್ಲಿ ಮಣ್ಣಿರುತ್ತದಲ್ಲ! ಬ್ರೇಕ್ ಹಾಕಿದಾಗ ಪ್ಯಾಡು ಸವೆದು ಚಕ್ರದ ಮೇಲೆ ಕೂರುವ ಕರಿ ಪುಡಿಯಂತೂ ಅಂಕಲ್‌ಗೆ ಜನ್ಮವೈರಿ. ಬೀದಿಯಲ್ಲಿ ಯಾರ ಚಕ್ರ ಕಪ್ಪಗಿದ್ದರೂ ನಿಂತು, "ಛೀ, ಏನ್ ಜನಾನೋ!" ಎನ್ನದೆ ಮುಂದೆ ಹೋಗುತ್ತಿರಲಿಲ್ಲ. ನನ್ನ ಹಳೆಯ ಗಾಡಿಗೆ ಈ ಮಂಗಳಾರತಿ ದಿನವೂ ಆಗುತ್ತಿತ್ತು.

ಎರಡನೆಯ ವೈರಿ ಕೆಂಚ, ನಮ್ಮ ಬೀದಿಯ ಮುದಿ ನಾಯಿ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾತಾಡುತ್ತಿದ್ದದ್ದು ನನಗಿಂತ ಅದರ ಜೊತೆ ಹೆಚ್ಚು. ಬೆಳಿಗ್ಗೆ ಮೊಸರನ್ನ ಹಾಕಿ, ರಾತ್ರಿ ಕಂಡ ಕನಸನ್ನೂ ಅದಕ್ಕೆ ಒಪ್ಪಿಸುತ್ತಿದ್ದರು. ಅದು ಅನ್ನ ತಿಂದು, ಬೀದಿ ದಾಟಿ, ಬೆಳ್ಳಿ ಚಕ್ರಕ್ಕೆ ಕಾಲೆತ್ತುತ್ತಿತ್ತು. ನಾಯಿ ಹೆದರಲೆಂದು ಅಂಕಲ್ ಬಾಟಲಿಗಳಲ್ಲಿ ನೀಲಿ ನೀರು ತುಂಬಿಸಿ ಕಾರಿನ ಸುತ್ತ ಸಾಲಾಗಿ ಇಟ್ಟರು. ಕೆಂಚ ಬಾಟಲಿಗೂ ಕಾಲೆತ್ತಿತು. ಕೊನೆಗೊಂದು ದಿನ ಅಂಕಲ್ ನಮ್ಮ ಗೇಟಿಗೆ ಬಂದು, ಟೆಂಪೋದವನಿಗೆ ಹೇಳಿಯಾಗಿದೆ, ಸೋಮವಾರ ಬಂದು ನಾಯಿಯನ್ನು ಹಿಡಿದು ಕೆ.ಆರ್. ಪುರದಿಂದಾಚೆ ಬಿಟ್ಟುಬರುತ್ತಾನೆ ಎಂದರು.

"ಇವ್ರೇ, ಅದಕ್ಕೆ ಕಿವೀನೂ ಸರಿಯಾಗಿ ಕೇಳ್ಸಲ್ಲ. ಗೊತ್ತಿಲ್ದಿರೋ ಕಡೆ ಸತ್ತೇ ಹೋಗುತ್ತೆ ಕಣ್ರೀ" ಎಂದು ಅಮ್ಮ ಕೈಮುಗಿದರು.

"ನನ್ನ ವೀಲ್ ಹಾಳಾಗ್ತಿದೆಯಲ್ರೀ, ಅದಕ್ಕೇನ್ ಹೇಳ್ತೀರಿ?" ಎಂದು ಅಂಕಲ್ ಹೊರಟೇಹೋದರು. ಆ ವಾರವೆಲ್ಲ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ.

ಅದೇ ವಾರ ಅವರು ಧೂಳು ಬಿಡದ ಪ್ಯಾಡು ಹುಡುಕಲು ಹೊರಟದ್ದು. ನಾಯಿಯ ವಿಷಯ ಇನ್ನೊಮ್ಮೆ ಕೇಳೋಣವೆಂದು ನಾನೂ ಚಪ್ಪಲಿ ಬಡಿದುಕೊಂಡು ಹತ್ತಿದೆ. ದಾರಿಯುದ್ದಕ್ಕೂ ಬಾಯಿ ತೆರೆಯಲು ಬಿಡಲಿಲ್ಲ. ಶಿವಾಜಿನಗರದ ಅಂಗಡಿ ಅಂಗಡಿಯಲ್ಲೂ ಬಿಳಿ ಕರ್ಚೀಫು ಬಿಡಿಸಿ, ಹೊಸ ಪ್ಯಾಡನ್ನು ಅದಕ್ಕೆ ಉಜ್ಜಿ, ಕಪ್ಪು ಹತ್ತಿದರೆ ಮೂತಿ ತಿರುವಿ ಎದ್ದುಬಿಡುತ್ತಿದ್ದರು. ಅದೆಂಥ ಪರೀಕ್ಷೆಯೋ! ಕರ್ಚೀಫಿಗೆ ಕಪ್ಪು ಹತ್ತದ ಪ್ಯಾಡು ಚಕ್ರಕ್ಕೂ ಹತ್ತುವುದಿಲ್ಲ ಎಂದು ಅವರಿಗೆ ಯಾರು ಹೇಳಿದ್ದರೋ... ಅಷ್ಟು ಅಂಗಡಿ ಸುತ್ತಿದರೂ, "ಗಾಡಿ ನಿಲ್ಲುತ್ತಾ?" ಎಂದು ಒಬ್ಬರನ್ನೂ ಕೇಳಲಿಲ್ಲ. ಕೊನೆಗೆ ಒಬ್ಬ ಅಂಗಡಿಯವನು, "ಇದನ್ನ ಉಜ್ಜಿ ನೋಡಿ ಸಾಬ್, ಕರ್ಚೀಫ್ ಜೇಬಲ್ಲಿಟ್ಕೊಂಡು ಮದುವೆಗೇ ಹೋಗ್ಬಹುದು" ಎಂದ. ಅಂಕಲ್ ಕರಗಿಹೋದರು.

ಹೊಸ ಪ್ಯಾಡು ಬಂದ ಮೇಲೆ ಧೂಳು ನಿಜವಾಗಿಯೂ ಕಡಿಮೆಯಾಯಿತು. ಅಷ್ಟಕ್ಕೆ ಸುಮ್ಮನಿರುವ ಜನ್ಮವೇ ಅದು? ಸಂಜೆ ಪೈಪು ಹಿಡಿದು ಚಕ್ರ ತೊಳೆದರೆ ಬೆಳಿಗ್ಗೆ ಒಳಗಿನ ಡಿಸ್ಕಿನ ಮೇಲೆ ತೆಳ್ಳಗೆ ಕೆಂಪು ತುಕ್ಕು ಕಾಣುತ್ತಿತ್ತು. ನಾಲ್ಕು ಸಲ ಬ್ರೇಕ್ ಒತ್ತಿದರೆ ತಾನೇ ಹೋಗುವ ತುಕ್ಕು. ಅದನ್ನೂ ಸಹಿಸದೆ ಅಂಕಲ್ ಹತ್ತಿಯಲ್ಲಿ ಪಾಲಿಶ್ ಅದ್ದಿ, ಚಕ್ರದ ಸಂದಿಗಳಲ್ಲಿ ಕೈತೂರಿಸಿ, ನಾಲ್ಕೂ ಡಿಸ್ಕುಗಳಿಗೆ ಮೇಣ ತಿಕ್ಕಿದರು. ಬ್ರೇಕು ಹಿಡಿಯಬೇಕಾದ ಜಾಗಕ್ಕೇ ಜಾರುವ ಮೇಣ! ಶುಕ್ರವಾರ ಸಂಜೆ ಆ ವಾಸನೆ ನಮ್ಮ ವರಾಂಡದವರೆಗೂ ಬಂದಿತ್ತು. ಇನ್ನೇನೋ ಹೊಸ ಹುಚ್ಚು ಎಂದುಕೊಂಡು ನಾನು ಒಳಗೆ ಹೋದೆ.

ನಮ್ಮ ಬೀದಿ ಅವರ ಗೇಟಿನಿಂದ ಮುಂದಕ್ಕೆ ಇಳಿಜಾರು. ಶನಿವಾರ ಬೆಳಿಗ್ಗೆ ಅವರ ಕಾರು ಹೊರಟಾಗ ಕೆಂಚ ಬೀದಿ ಮಧ್ಯೆ ಎಳೆಬಿಸಿಲಿಗೆ ಮಲಗಿತ್ತು. ಹಾರ್ನ್ ಹೊಡೆದರು, ಅದಕ್ಕೆ ಕೇಳಿಸಲಿಲ್ಲ. ಬ್ರೇಕ್ ಒತ್ತಿದರು, ಕಾರು ನಿಲ್ಲಲಿಲ್ಲ. ಅನ್ನದ ಪಾತ್ರೆ ಹಿಡಿದು ಗೇಟಿನಲ್ಲಿದ್ದ ಅಮ್ಮ ಪಾತ್ರೆ ಅಲ್ಲೇ ಬಿಟ್ಟು ಬೀದಿಗಿಳಿದರು... ಅಂಕಲ್ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ಎಳೆದರು. ಬೆಳ್ಳಿ ಚಕ್ರ ಚರಂಡಿಯ ಕಲ್ಲಿಗೆ ಬಡಿದು ಸೀಳಿಹೋಯಿತು, ಕಾರು ನಿಂತಿತು.

ಇಳಿದವರು ಚಕ್ರದ ಕಡೆ ನೋಡಲೇ ಇಲ್ಲ. ಇಸ್ತ್ರಿ ಮಾಡಿದ ಬಿಳಿ ಪ್ಯಾಂಟಿನಲ್ಲೇ ರಸ್ತೆಗೆ ಮಂಡಿಯೂರಿ ಕಾರಿನಡಿ ತಲೆ ಹಾಕಿ, "ಎಲ್ಲಿ? ನಾಯಿ ಎಲ್ಲಿ? ಅಯ್ಯೋ, ಕೆಳಗೆ ಸಿಕ್ಕಾಕ್ಕೊಂಡ್ಬಿಡ್ತೇನ್ರೀ?" ಎಂದು ಕೂಗಿದರು. ಕೆಂಚ ಎದ್ದು ಮೈ ಕೊಡವಿ, ನಿಧಾನಕ್ಕೆ ಬಂದು, ಹಿಂದಿನ ಚಕ್ರಕ್ಕೆ ಕಾಲೆತ್ತಿತು. ಅಂಕಲ್ ಅದನ್ನು ನೋಡುತ್ತ ರಸ್ತೆಯಲ್ಲೇ ಕೂತಿದ್ದರು.

ಇಷ್ಟಾದ ಮೇಲೆ ಮನುಷ್ಯ ಬದಲಾದರು ಎಂದು ಬರೆಯಲು ನನಗೂ ಆಸೆ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ರಾಗ ಶುರುವಾಗಿತ್ತು. ಪ್ಯಾಡು ಡೂಪ್ಲಿಕೇಟಂತೆ, ಚರಂಡಿ ಕಟ್ಟಿದವನಿಗೆ ತಲೆಯಿಲ್ಲವಂತೆ, ನಾಯಿಗೆ ಬುದ್ಧಿಯಿಲ್ಲವಂತೆ. ಸೇರಿದ ಜನರ ಎದುರು ಆಂಟಿಯೇ ಗೇಟಿನಿಂದ, "ಡಿಸ್ಕ್‌ಗೂ ಪಾಲಿಶ್ ಹಾಕಿದ್ರಲ್ಲ, ಅದನ್ನೂ ಹೇಳಿ" ಎಂದಾಗ ಅಂಕಲ್ ಎದ್ದು ಒಳಗೆ ಹೋದರು. ಸೋಮವಾರ ಟೆಂಪೋದವನು ಬಂದ. "ನಾಯಿ ಎಲ್ಲೋ ಹೋಗ್ಬಿಟ್ಟಿದೆ ಕಣಯ್ಯಾ, ಸಿಗಲ್ಲ ಅದು" ಎಂದು ಅಂಕಲ್ ಅವನನ್ನು ಸಾಗಹಾಕಿದರು. ಕೆಂಚ ಅವರ ಗೇಟಿನ ಬುಡದಲ್ಲೇ ಮಲಗಿತ್ತು. ಅಮ್ಮ ಆ ದಿನ ಎರಡು ಸಲ ಅನ್ನ ಬಡಿಸಿಕೊಂಡರು. ಮರುದಿನ ನೀಲಿ ಬಾಟಲಿಗಳು ಮತ್ತೆ ಸಾಲಾಗಿ ನಿಂತವು.

ಕೆಂಚ ನಮ್ಮ ಮೆಟ್ಟಿಲ ಮೇಲೆಯೇ ಇನ್ನಷ್ಟು ಮುದಿಯಾಗಿ ಸತ್ತಿತು. ಆಮೇಲೆ ಅಂಕಲ್ ಮನೆ ಮಾರಿ ಸಿ.ವಿ. ರಾಮನ್ ನಗರದ ಫ್ಲ್ಯಾಟಿಗೆ ಹೋದರು. ಹೋದ ವರ್ಷ ಅವರು ತೀರಿಹೋದ ಸುದ್ದಿ ಬೀದಿಯವರ ವಾಟ್ಸಾಪ್ ಗುಂಪಿಗೆ ಬಂತು, ಜೊತೆಗೊಂದು ಫೋಟೋ. ಅದರಲ್ಲಿ ಅಂಕಲ್ ಮುಖ ಅರ್ಧ ಇತ್ತು, ಚಕ್ರ ಪೂರ್ತಿ ಇತ್ತು. ನನಗೆ ನಗು ಬಂತು, ಆಮೇಲೆ ಸಂಕಟವಾಯಿತು. ಆ ಮನುಷ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ಆದರೂ ಬೆಳಿಗ್ಗೆ ಕಾರು ತೆಗೆಯುವಾಗ ಎದುರಿನ ಗೇಟಿನತ್ತ ಒಮ್ಮೆ ನೋಡುತ್ತೇನೆ...

"ಯಾವುದು ಕೊಡ್ಲಿ ಸಾರ್?" ಎಂದು ಅಂಗಡಿಯವರು ಕೇಳಿದರು. ಗಟ್ಟಿಯಾಗಿ ಹಿಡಿಯುವುದನ್ನೇ ಕೊಡಿ ಎಂದೆ.

"ನೋಡಿ, ಚಕ್ರ ಕರ್ರಗಾಗುತ್ತೆ. ಆಮೇಲೆ ಬೇಜಾರ್ ಮಾಡ್ಕೋಬೇಡಿ."

"ಆಗ್ಲಿ ಬಿಡಿ" ಎಂದೆ. "ಛೀ ಅನ್ನೋರೇ ಹೋಗ್ಬಿಟ್ರು."