ಹಿಂದುಮುಂದಾದ ಹೆಸರು

ನನ್ನ ಅಕ್ಕನ ಗಂಡ ಸಾಂಟೊ ಆರ್ಮಿನ್ ಒಬ್ಬ ಹೇಡಿ. ಬುಡಾಪೆಸ್ಟಿನಲ್ಲಿ ಹತ್ತು ವರ್ಷ ಫುಟ್‌ಬಾಲ್ ತಂಡದ ಹಿಂಬದಿ ಕಾಯ್ದ. ಆಮೇಲೆ ತರಬೇತುದಾರನಾಗಿ ಐದು ದೇಶ ಸುತ್ತಿದ. ಎಲ್ಲೇ ಆದರೂ ಗಲಭೆಯ ಸುಳಿವು ಸಿಕ್ಕಿದ ದಿನವೇ ಪೆಟ್ಟಿಗೆ ಕಟ್ಟಿದ.

ಯಹೂದಿಯಾದ ಅವನು ಇಟಲಿಯಲ್ಲಿದ್ದಾಗ, 1938ರಲ್ಲಿ, ಪರದೇಶದ ಯಹೂದಿಗಳೆಲ್ಲ ಆರು ತಿಂಗಳಲ್ಲಿ ಹೊರಡಬೇಕೆಂಬ ಆಜ್ಞೆ ಬಂತು. ಹಂಗೇರಿಯಲ್ಲೂ ಯಹೂದಿಗಳ ಮೇಲೆ ಕಾನೂನು ಬಂದಿದ್ದರಿಂದ ಊರಿಗೆ ಮರಳಲೂ ಅವನಿಗೆ ಭಯ. ನಾವು ಹಂಗೇರಿಯವರು ಮನೆತನದ ಹೆಸರನ್ನು ಮೊದಲು ಬರೆಯುತ್ತೇವೆ. ಅದನ್ನರಿಯದ ಕ್ಲಬ್ಬಿನ ಗುಮಾಸ್ತ ಅವನನ್ನು ‘ಶ್ರೀ ಆರ್ಮಿನ್’ ಎಂದು ದಾಖಲಿಸಿದ್ದ. ಪೊಲೀಸರ ಪಟ್ಟಿಯಲ್ಲಿ ‘ಸಾಂಟೊ’ ಎಂದಷ್ಟೇ ಇತ್ತು. ಆ ತಪ್ಪಿನ ಮರೆಯಲ್ಲಿ ಅವನು ಉಸಿರು ಬಿಗಿಹಿಡಿದು ಉಳಿದ.

ಗಡುವು ಮುಗಿದ ಮೇಲೆ ಪೊಲೀಸನೊಬ್ಬ ಹಂಗೇರಿಯ ಸಾಂಟೊನನ್ನು ಹುಡುಕುತ್ತ ಮೈದಾನಕ್ಕೆ ಬಂದ. ಅಲ್ಲಿದ್ದ ಇನ್ನೊಬ್ಬ ಹಂಗೇರಿಯವನೆಂದರೆ ಆಟಗಾರರ ಕಾಲು ತಿಕ್ಕುವ ಮುದುಕ ಗೆರೊ.

“ಸಾಂಟೊ ನೀನೇ ತಾನೆ?” ಎಂದು ಪೊಲೀಸ ಅವನನ್ನು ಕೇಳಿದ.

“ಅಲ್ಲ ಸ್ವಾಮಿ, ನಾನು ಗೆರೊ. ಬೇಕಿದ್ರೆ ನಿಮ್ಮ ಮೊಣಕಾಲೂ ತಿಕ್ಕಿಕೊಡ್ತೀನಿ.”

“ಕಾಗದಪತ್ರ ಎಲ್ಲಿ?”

“ರೂಮಲ್ಲಿ.”

“ಎಲ್ರೂ ಹಾಗೇ ಅಂತಾರೆ. ನಡಿ ಠಾಣೆಗೆ.”

ಆರ್ಮಿನ್ ಹತ್ತಿರ ಬಂದು ಪೊಲೀಸನ ಪೆನ್ಸಿಲ್ ಕೇಳಿ ತೆಗೆದುಕೊಂಡ. ಪಟ್ಟಿಯಲ್ಲಿ ‘ಸಾಂಟೊ’ದ ಪಕ್ಕಕ್ಕೆ ತನ್ನ ಹೆಸರು ‘ಆರ್ಮಿನ್’ ಎಂದು ಬರೆಯಲು ಅವನು ಎರಡು ಸಲ ಪ್ರಯತ್ನಿಸಬೇಕಾಯಿತು.