ಅಕ್ಕ ನೋಡಿದ ಬಂಗಾಳಿ ಸಿನಿಮಾ

ಮೊನ್ನೆ ಮಧ್ಯಾಹ್ನ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದಾಗ ಫೋನು ಒಮ್ಮೆ ಗುಂಯ್ ಎಂದು ನಡುಗಿತು. ಯಾರೋ ನೆನಪು ಮಾಡಿಕೊಂಡರೆಂದು ಕನ್ನಡಕ ಹುಡುಕಿ ನೋಡಿದರೆ, ‘ಇದು ನಿಮಗೆ ಇಷ್ಟವಾಗಬಹುದು’ ಎಂಬ ಒಕ್ಕಣೆಯ ಕೆಳಗೆ ಸಿನಿಮಾದ ಚಿತ್ರವೊಂದಿತ್ತು. ನನಗೆ ಏನು ಇಷ್ಟವಾದೀತೆಂದು ಯೋಚಿಸುವ ಹೊಣೆಯನ್ನು ಈಗ ಈ ಯಂತ್ರವೊಂದೇ ಹೊತ್ತಿರುವುದರಿಂದ ಗೌರವಪೂರ್ವಕವಾಗಿಯೇ ನೋಡಿದೆ. ಬಂಗಾಳಿ ಸಿನಿಮಾ. ಒಂದು ದೋಣಿ, ಹಿಂದೆ ಕಾಡು, ಮುಂದೆ ಛತ್ರಿ ಹಿಡಿದ ಪತ್ತೇದಾರ. ಹೆಸರು ಓದುತ್ತಲೇ ಗುರುತು ಸಿಕ್ಕಿತು. ಹಿಂದೆ ನೋಡಿದ ಕಥೆಯನ್ನೇ ಹೊಸದಾಗಿ ತೆಗೆದಿದ್ದಾರೆ. ಅದರಲ್ಲಿ ಕಳ್ಳ ಯಾರೆಂಬುದು ನನಗೆ ಎಷ್ಟೋ ವರ್ಷಗಳಿಂದ ಗೊತ್ತು. ಆ ಗುಟ್ಟನ್ನು ಬಚ್ಚಿಡಲು ಹೋಗಿ ನಾನು ಪಟ್ಟ ಪಾಡನ್ನು ನಿಮಗೊಮ್ಮೆ ಹೇಳಬೇಕು.

ನಮ್ಮ ಬನಹಟ್ಟಿಯಲ್ಲಿ ಹುಟ್ಟಿದವರಿಗೆ ಒಂದು ವಿದ್ಯೆ ತಾನಾಗಿಯೇ ಬರುತ್ತದೆ. ಓಣಿಯ ಎರಡೂ ಬದಿಗೆ ಮಗ್ಗಗಳು ಮುಂಜಾನೆಯಿಂದ ಖಟಖಟ ಬಡಿಯುತ್ತಿರುವಾಗ ಕೂಗಿ ಗಂಟಲು ಹರಿದುಕೊಂಡು ಫಲವಿಲ್ಲ. ಹೀಗಾಗಿ ಇಲ್ಲಿಯವರು ದನಿಯಿಲ್ಲದೆ ತುಟಿಯಾಡಿಸುತ್ತಾರೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಜಗಳಗಳೂ ಹಾಗೆಯೇ ನಡೆಯುತ್ತವೆ. ಪರವೂರಿನಿಂದ ಬಂದವರಿಗೆ ಇಡೀ ಓಣಿ ಯಾವುದೋ ಗಟ್ಟಿ ಪದಾರ್ಥವನ್ನು ಜಗಿಯುತ್ತಿರುವಂತೆ ಕಾಣುತ್ತದೆ.

ನನ್ನ ಅಕ್ಕ ಈ ವಿದ್ಯೆಯಲ್ಲಿ ಪಂಡಿತೆ. ಗಂಡ ತೀರಿದ ಮೇಲೆ ತವರಿಗೆ ಬಂದು ಮಗ್ಗಕ್ಕೆ ನಿಂತವಳು, ಆ ಸದ್ದಿಗೆ ಕಿವಿಯನ್ನು ಸ್ವಲ್ಪಸ್ವಲ್ಪವೇ ಒಪ್ಪಿಸಿಬಿಟ್ಟಳು. ಕಣ್ಣು ಮಾತ್ರ ಸೂಜಿ. ನಾನು ಆಗ ಜಮಖಂಡಿಯಲ್ಲಿ ಇಂಗ್ಲಿಷ್ ಮಾಸ್ತರ. ಮದುವೆಯಾಗಲಿಲ್ಲ. ಆ ನಿರ್ಧಾರವನ್ನು ಕನ್ಯೆಯ ಕಡೆಯವರು, ಬೇರೆಬೇರೆ ಊರುಗಳಲ್ಲಿದ್ದರೂ, ಒಮ್ಮತದಿಂದ ಕೈಗೊಂಡಿದ್ದರು. ಆದ್ದರಿಂದ ನನ್ನ ಭಾನುವಾರಗಳೆಲ್ಲ ಅಕ್ಕನವು. ಬೆಳಗಿನ ಬಸ್ಸಿಗೆ ಬರುವುದು, ರೊಟ್ಟಿ ಮುಳಗಾಯಿ ಪಲ್ಯ ಹೊಡೆಯುವುದು, ಮಧ್ಯಾಹ್ನ ಟಿ.ವಿ.ಯ ಮುಂದೆ ಕೂರುವುದು.

ಭಾನುವಾರದ ಮಧ್ಯಾಹ್ನಗಳಲ್ಲಿ ಆಗ ಬೇರೆ ಭಾಷೆಯ ಸಿನಿಮಾ ತೋರಿಸುತ್ತಿದ್ದರು. ಕೆಳಗೆ ಇಂಗ್ಲಿಷಿನ ಸಾಲುಗಳು. ಅಕ್ಕನಿಗೆ ಇಂಗ್ಲಿಷ್ ಬಾರದು, ಬಂಗಾಳಿ ಕೇಳಿಸದು, ಕೇಳಿಸಿದರೂ ತಿಳಿಯದು. ನಾನು ಸಾಲುಗಳನ್ನು ಓದಿ ಕನ್ನಡದಲ್ಲಿ ತುಟಿಯಾಡಿಸಬೇಕು, ಅವಳು ನನ್ನ ತುಟಿ ನೋಡಬೇಕು. ಹಾಗಾಗಿ ಅವಳು ಟಿ.ವಿ.ಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ನನ್ನ ಕಡೆ ಮುಖ ಮಾಡಿ, ಕಂಡಿಕೆಗೆ ನೂಲು ಸುತ್ತುತ್ತ ಕೂರುತ್ತಿದ್ದಳು. ಹೊಡೆದಾಟವಿದ್ದಾಗ ಒಮ್ಮೆ ಕತ್ತು ಹೊರಳಿಸಿ ಪರದೆ ನೋಡುವಳು, ಮತ್ತೆ ನನ್ನ ಕಡೆಗೆ. ಹೀಗೆ ಆಕೆ ಬಂಗಾಳದ ಸಿನಿಮಾಗಳನ್ನೆಲ್ಲ ನನ್ನ ಮಾರಿಯ ಮೇಲೆಯೇ ನೋಡಿದಳು. ಇಂಥ ಪರದೆಯ ಮೇಲೆ ಯಾವ ನಾಯಕ ತಾನೇ ಶೋಭಿಸಿಯಾನು!

ಆ ಭಾನುವಾರದ ಸಿನಿಮಾ ಬಹಳ ಓದಿಸಿಕೊಂಡ ಪತ್ತೇದಾರಿ ಕಾದಂಬರಿಯೊಂದರದು. ನದಿದಂಡೆಯ ಜಮೀನ್ದಾರನ ಮನೆಯಿಂದ ಹಳೆಯ ಕಂಚಿನ ಗಂಟೆಯೊಂದು ಕಳುವಾಗುತ್ತದೆ. ಪತ್ತೇದಾರ ದೋಣಿ ಹತ್ತಿ ಹುಲಿಯ ಕಾಡಿಗೆ ಹೋಗುತ್ತಾನೆ. ಜೊತೆಗೆ ಮನೆಯ ಡಾಕ್ಟರ, ದೋಣಿಯವನು, ಒಬ್ಬ ನಿವೃತ್ತ ಮಾಸ್ತರ. ಕಾದಂಬರಿಯ ಕನ್ನಡ ಅನುವಾದ ಜಮಖಂಡಿಯ ಗ್ರಂಥಾಲಯದಲ್ಲಿ ಸಿಕ್ಕು, ನಾನು ಅದನ್ನು ಹಿಂದಿನ ವಾರವಷ್ಟೇ ಓದಿದ್ದೆ. ಕಳ್ಳ ಡಾಕ್ಟರ. ಕೊನೆಯವರೆಗೂ ಬಾಯಿ ಬಿಡಬಾರದೆಂದು ಬಸ್ಸಿನಲ್ಲೇ ಪ್ರತಿಜ್ಞೆ ಮಾಡಿದ್ದೆ.

ಡಾಕ್ಟರ ತೆರೆಗೆ ಬಂದು ಕೈಚೀಲ ಕೆಳಗಿಡುವಷ್ಟರಲ್ಲಿ ಅಕ್ಕ ಕಂಡಿಕೆ ನಿಲ್ಲಿಸಿದಳು.

“ಇವನ ನೋಡ್ಲೇ ಕಳ್ಳ.”

“ಯಾರ್ ಹೇಳಿದ್ರಬೇ ಯಕ್ಕಾ? ಇನ್ನೂ ಗಂಟೀನ ಕಳುವಾಗಿಲ್ಲ!”

“ನಿನ್ನ ಮಾರಿ ಹೇಳಾಕತ್ತೈತಿ. ದೋಣಿಯಂವ ಬಂದಾಗ ಹಗರಿತ್ತು. ಈ ಡಾಕ್ಟರ ಬಂದಕೂಡ್ಲೇ ಮಂತ್ರ ಹೇಳೋ ಭಟ್ಟರ ಮಾರಿಹಂಗ ಬಿಗಿ ಆತು.”

ನಾನು ಟವೆಲಿನಿಂದ ಮುಖ ಮುಚ್ಚಿಕೊಂಡೆ.

“ಟಾವೆಲ್ ತಗೀ, ಸಿನಿಮಾ ಬಂದ್ ಆತು!” ಎಂದು ಅವಳ ಗದರಿಕೆ.

ನನ್ನ ಇಕ್ಕಟ್ಟು ನೋಡಿ. ಬಾಯಿ ಮುಚ್ಚಿದರೆ ಕಥೆ ನಿಲ್ಲುತ್ತದೆ, ತೆರೆದರೆ ಗುಟ್ಟು ಹೊರಡುತ್ತದೆ. ಎಲೆ ಅಡಿಕೆ ಜಗಿದು ಮುಖಕ್ಕೆ ಬೇರೆ ಉದ್ಯೋಗ ಕೊಟ್ಟು ನೋಡಿದೆ. ದೋಣಿಯವನು ಬಂದಾಗ ಸುಮ್ಮಸುಮ್ಮನೆ ಹುಬ್ಬು ಗಂಟಿಕ್ಕಿದೆ. “ನಾಟಕ ಬ್ಯಾಡ” ಎಂದಳು. ಕಾಡಿನಲ್ಲಿ ಪತ್ತೇದಾರ ದಾರಿ ತಪ್ಪಿದಾಗ ಅವಳಿಗೆ ಬೇಸರ ಬಂತು. “ಒಂದ ಮುಧೋಳ ನಾಯಿ ಕರಕೊಂಡ ಹೋಗಿದ್ರ ಅರ್ಧ ತಾಸಿನ್ಯಾಗ ಮುಗೀತಿತ್ತು.”

“ಅದು ಮೂಸಿ ಹುಡುಕೋ ನಾಯಿ ಅಲ್ಲಬೇ. ಕಣ್ಣೀಲೆ ನೋಡಿ ಬೆನ್ನ ಹತ್ತೋದು.”

“ಹಂಗಾರ ನನ್ನ ಜಾತೀದ ಅನ್ನು” ಎಂದು ನಕ್ಕಳು.

ಕೊನೆಗೆ ಡಾಕ್ಟರನೇ ಸಿಕ್ಕಿಬಿದ್ದ. ಅಕ್ಕ ಗೆದ್ದಳು. ಆದರೆ ಅವಳದು ಗೆದ್ದವಳ ಮುಖವಾಗಿರಲಿಲ್ಲ. “ಖರೆ ಹೇಳಲೇನ್ ತಮ್ಮಾ? ನನಗ ಗುಮಾನಿ ಇದ್ದದ್ದು ಆ ಮಾಸ್ತರನ ಮ್ಯಾಲ. ಹೊಡೆದಾಟದಾಗ ಒಮ್ಮೆ ಅವನ್ನ ನೋಡಿದ್ನಿ. ಬಾಯಿ ನಗತಿತ್ತು, ಕಣ್ಣ ನಗತಿರಲಿಲ್ಲ. ನಿನ್ನ ಮಾರಿ ನಂಬಿ ಡಾಕ್ಟರ ಅಂದ್ನಿ. ಕತಿ ಬರದಾಂವನ ತಪ್ಪ್ ಬರದಾನ.”

ಈ ತೀರ್ಪನ್ನು ಆಕೆ ಸಾಯುವ ತನಕ ಹಿಂತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಕತ್ತರಿ ಕಳೆದರೂ ಬೆಲ್ಲದ ಡಬ್ಬಿ ಬರಿದಾದರೂ, “ಮಾಸ್ತರನ ಮ್ಯಾಲ ನನಗ ಗುಮಾನಿ” ಎನ್ನುವಳು. ಬೆಲ್ಲದ ಮಟ್ಟಿಗೆ ಅದು ನಿಜವೂ ಆಗಿರುತ್ತಿತ್ತು.

ಅಕ್ಕ ಹೋಗಿ ಎರಡು ಬೇಸಿಗೆಯಾಯಿತು. ನಾನು ನಿವೃತ್ತನಾಗಿ ಈ ಮನೆಗೇ ಬಂದಿದ್ದೇನೆ. ಅವಳ ಮಗ್ಗಗಳನ್ನು ಎದುರುಮನೆಯ ಕಸ್ತೂರೆವ್ವ ಒಯ್ದು ನಡೆಸುತ್ತಿದ್ದಾಳೆ. ಸದ್ದು ಹಾಗೇ ಇದೆ, ಓಣಿ ದಾಟಿ ಬರುತ್ತದೆ ಅಷ್ಟೆ. ಮಂದಿಗೆ ಕೊರತೆಯಿಲ್ಲ, ಮಾತೂ ಆಡಿಸುತ್ತಾರೆ. ಆದರೆ ಮಗ್ಗ ನಿಂತ ಹೊತ್ತಿನಲ್ಲಿ ನಾನು ಬಾಯಿ ತೆರೆದರೆ ಕೇಳುವವರೆಲ್ಲ ಬೇರೆ ಎಲ್ಲಿಯೋ ನೋಡುತ್ತಿರುತ್ತಾರೆ. ಕಿವಿ ಚೆನ್ನಾಗಿರುವವರು ಮುಖ ಯಾಕೆ ನೋಡಬೇಕು, ಹೇಳಿ? ಗಡ್ಡ ಹೆರೆಯುವಾಗ ನಾನೊಬ್ಬನೇ ಈ ಮುಖವನ್ನು ನೋಡಿಕೊಳ್ಳುತ್ತೇನೆ. ನನಗಂತೂ ಅದರಲ್ಲಿ ಯಾವ ಗುಟ್ಟೂ ಕಾಣಿಸುವುದಿಲ್ಲ.

ಮೊನ್ನೆ ಫೋನನ್ನು ತಂಬಿಗೆಗೆ ಒರಗಿಸಿ ಸಿನಿಮಾ ಹಚ್ಚಿ, ನನ್ನ ಹಳೆಯ ಜಾಗದಲ್ಲಿ ಕೂತೆ. ಎದುರಿಗೆ ಬರಿಯ ಗೋಡೆ. ಅವಳ ಬೆನ್ನು ತಾಗಿ ತಾಗಿ ನುಣುಪಾದ ಜಾಗಕ್ಕೆ ನಾನು ಸುಣ್ಣ ಹೊಡೆಸಿಲ್ಲ. ಸ್ವಲ್ಪ ಹೊತ್ತಿಗೆ ತುಟಿ ತೇವವಿಲ್ಲದೆ ಒಣಗಿದಂತಾಯಿತು. ನೋಡಿದರೆ, ಪ್ರತಿಯೊಂದು ಸಾಲಿಗೂ ನನ್ನ ತುಟಿ ತನ್ನಷ್ಟಕ್ಕೆ ಆಡುತ್ತಿದೆ. ಡಾಕ್ಟರ ಬಂದ. ನಾನು ಗಂಭೀರವಾಗಿ ಮುಖವನ್ನು ಹಿಡಿತಕ್ಕೆ ತಂದುಕೊಂಡೆ. ಗುಟ್ಟೇನೋ ಇತ್ತು, ಅದನ್ನು ಬಚ್ಚಿಡಲು ಎದುರಿಗೆ ಯಾರೂ ಇರಲಿಲ್ಲ.

ಕೊನೆಗೆ ಪತ್ತೇದಾರ ಎಲ್ಲರನ್ನೂ ದೋಣಿಯಲ್ಲಿ ಕೂರಿಸಿ, ಬೆರಳೆತ್ತಿ ತೋರಿಸಿದ. ಡಾಕ್ಟರನನ್ನಲ್ಲ. ಮಾಸ್ತರನನ್ನು! ಹೊಸ ಸಿನಿಮಾದವರು ಓದಿದವರನ್ನೂ ಬೆಚ್ಚಿಬೀಳಿಸಲೆಂದು ಕಳ್ಳನನ್ನೇ ಬದಲಿಸಿಬಿಟ್ಟಿದ್ದರು. ಆ ಮುದುಕ ಮಾಸ್ತರ ಬಾಯಲ್ಲಷ್ಟೇ ನಗುತ್ತ ಗಂಟೆಯನ್ನು ಚೀಲದಿಂದ ತೆಗೆದ.

“ಯಕ್ಕಾ!” ಎಂದು ಗೋಡೆಯ ಕಡೆ ಹೊರಳಿಬಿಟ್ಟೆ. ಇಷ್ಟು ದೊಡ್ಡ ಸುದ್ದಿಯನ್ನು ಇಟ್ಟುಕೊಂಡು ಮನುಷ್ಯ ಎಲ್ಲಿಗೆ ಹೋಗಬೇಕು? ಎದ್ದು ಬಾಗಿಲಿಗೆ ಬಂದು ನಿಂತೆ.

ಎದುರಿಗೆ ಕಸ್ತೂರೆವ್ವ ಅಕ್ಕನ ಮಗ್ಗದ ಮುಂದೆ ನಿಂತಿದ್ದಳು. ತಲೆಯೆತ್ತಿ ನನ್ನ ಮುಖ ನೋಡಿದಳು. ಖಟಖಟದ ನಡುವೆ ಅವಳ ತುಟಿ ದನಿಯಿಲ್ಲದೆ ಆಡಿತು: “ಏನಾತ್ರೀ ಮಾಸ್ತರ?”

‘ಏನಿಲ್ಲ’ ಎನ್ನಬೇಕೆಂದಿದ್ದೆ. ತುಟಿ ಬೇರೆ ಹೇಳಿತು: “ಅಕ್ಕ ಗೆದ್ದಳು.”

ಕಸ್ತೂರೆವ್ವನಿಗೆ ಗಂಟೆಯೂ ಗೊತ್ತಿಲ್ಲ, ಬಂಗಾಳವೂ ಗೊತ್ತಿಲ್ಲ. ಆದರೂ ಯಾವ ಆಟವೆಂದು ಕೇಳಲಿಲ್ಲ. ಕಡಿದ ಎಳೆಯೊಂದನ್ನು ಗಂಟು ಹಾಕಿ, ನನ್ನ ಮುಖದಿಂದ ಕಣ್ಣು ತೆಗೆಯದೆ, ತುಟಿಯಾಡಿಸಿದಳು:

“ಸೋತದ್ದು ಯಾವಾಗ್ರೀ ಅಕಿ?”