ತವರಿಗೆ ಹೋದ ಸಾಮಾನು

ತೆರಕಣಾಂಬಿಯ ಚಿಕ್ಕಬಸವಯ್ಯನವರ ವಿಷಯ ಹೇಳಲೇಬೇಕು. ಕಾರಣ ದೊಡ್ಡದೇನಲ್ಲ. ಹಳೆಯ ಸಾಮಾನು ಕೂಡಿಡುವವರು ಎಲ್ಲ ಊರಿನಲ್ಲೂ ಇದ್ದಾರೆ. ಆದರೆ ಯಾವ ಚೊಂಬು ಯಾರ ಮನೆಯದು, ಕೊಡುವಾಗ ಆ ಮನೆಯ ಹೆಂಗಸು ಏನೆಂದಳು ಎಂಬುದನ್ನು ಮರೆಯದೆ ಇಟ್ಟುಕೊಂಡವರು ನಮ್ಮ ಕಡೆ ಅವರೊಬ್ಬರೇ. ಅವರು ತೀರಿಕೊಂಡು ಒಂದು ವರ್ಷವಾಯಿತು. ಹೆಂಡತಿ ಗುರುಮಲ್ಲಮ್ಮ ಇದ್ದಾರೆ. ಮೂವತ್ತು ವರ್ಷ ಆ ಸಾಮಾನಿನ ಧೂಳು ಹೊಡೆದವರು ಅವರು. ಅದಕ್ಕೆ ಈ ಕಥೆಯಲ್ಲಿ ಅರ್ಧ ಪಾಲು ಅವರದು.

ಚಿಕ್ಕಬಸವಯ್ಯನವರದು ಸೈಕಲ್ ಮೇಲಿನ ಪಾತ್ರೆ ವ್ಯಾಪಾರ. ಹಿಂದೆ ಒಂದು ಬುಟ್ಟಿ, ಹ್ಯಾಂಡಲ್ಲಿಗೆ ಎರಡು ಚೀಲ. ಒಂದು ದಿನ ಹಂಗಳದ ಕಡೆ, ಒಂದು ದಿನ ಹರದನಹಳ್ಳಿಯ ಕಡೆ. ಹೊಸ ಸ್ಟೀಲ್ ಪಾತ್ರೆ ಕೊಡುವುದು, ಬದಲಿಗೆ ಹಳೆಯ ಹಿತ್ತಾಳೆ, ತಾಮ್ರ ತೆಗೆದುಕೊಳ್ಳುವುದು, ಅದನ್ನು ಚಾಮರಾಜನಗರದ ಗುಜರಿ ಅಂಗಡಿಗೆ ಹಾಕುವುದು. ವ್ಯಾಪಾರ ಅಷ್ಟೇ. ಆದರೆ ಅಂಗಡಿಗೆ ಹೋಗುವ ದಾರಿಯಲ್ಲಿ ಅವರ ಮನೆ ಸಿಗುತ್ತಿತ್ತು. ತೊಂದರೆ ಆಗಿದ್ದು ಅಲ್ಲಿ.

‘ಇದೊಂದು ಇರ್ಲಿ ಕಣಮ್ಮಿ. ಕೊಡೋವಾಗ ಆವಮ್ಮ ಅತ್ಬುಟ್ಲು,’ ಅನ್ನುತ್ತಿದ್ದರು.

‘ಅತ್ತವರದ್ದೆಲ್ಲ ಮಡಿಕೊಂಡ್ರೆ ನಾವೆಲ್ಲಿ ಮಲಗನ?’ ಅನ್ನುತ್ತಿದ್ದರು ಗುರುಮಲ್ಲಮ್ಮ.

‘ಇದು ಚಿಕ್ದು ಕಣ.’

ಚಿಕ್ಕದು ಅಂದದ್ದು ತಾಮ್ರದ ಹಂಡೆ. ಮಗಳು ಶಾಂತಿ ಚಿಕ್ಕವಳಿದ್ದಾಗ ಅದರೊಳಗೆ ಬಚ್ಚಿಟ್ಟುಕೊಂಡು ನಿದ್ದೆ ಹೋಗಿದ್ದಳು, ಮನೆಯವರೆಲ್ಲ ಕೆರೆ ಬಾವಿ ಹುಡುಕಿ ಬಂದಿದ್ದರು.

ಮನೆಗೆ ಇದ್ದದ್ದು ಒಂದೇ ಕೋಣೆ. ಅದು ಸಾಮಾನಿಗೆ ಹೋಯಿತು. ಸೇರು, ಪಾವು, ಲಾಂದ್ರ, ಶ್ಯಾವಿಗೆ ಒರಳು, ಎಲೆ ಅಡಿಕೆ ಪೆಟ್ಟಿಗೆ. ಬೀಗವಿಲ್ಲದ ಬೀಗದ ಕೈ ಒಂದು ಗೊಂಚಲು. ಕೈಯಿಲ್ಲದ ಬೀಗ ಒಂದು ಬುಟ್ಟಿ. ವ್ಯಾಪಾರವಿಲ್ಲದ ದಿನ ಕೂತು ಒಂದೊಂದು ಕೈಯನ್ನೂ ಒಂದೊಂದು ಬೀಗಕ್ಕೆ ಹಾಕಿ ತಿರುಗಿಸುತ್ತಿದ್ದರು. ಒಂದೂ ತೆರೆಯಲಿಲ್ಲ. ‘ಸಿಕ್ಕೇ ಸಿಗ್ತದೆ’ ಅನ್ನುತ್ತಿದ್ದರು. ಒಂದು ಗೋಡೆ ಗಡಿಯಾರವೂ ಇತ್ತು. ಮೂರು ಗಂಟೆಗೆ ಹನ್ನೊಂದು ಹೊಡೆಯುತ್ತಿತ್ತು. ಕೆಟ್ಟಿದೆ ಅಂದರೆ ಅವರು ಒಪ್ಪುತ್ತಿರಲಿಲ್ಲ.

‘ಸರಿಯಾಗೇ ಐತೆ ಕಣಮ್ಮಿ. ಎಂಟು ಕಳ್ದು ನೋಡು.’

ಎರಡು ಸಾವಿರದ ನಾಲ್ಕರಲ್ಲಿ ಶಾಂತಿ ಬಸುರಿಯಾದಳು. ಕೊಟ್ಟಿದ್ದು ಹರದನಹಳ್ಳಿಗೆ. ಚೊಚ್ಚಲ ಹೆರಿಗೆ, ತವರಿನಲ್ಲೇ ಆಗಬೇಕು. ಏಳನೇ ತಿಂಗಳಲ್ಲಿ ಶಾಂತಿಯ ಅತ್ತೆ ಬಂದು ಮನೆ ನೋಡಿದರು. ಕೋಣೆಯ ಬಾಗಿಲು ತಳ್ಳಿದರು. ಅದು ಅರ್ಧ ತೆರೆದು ಏನಕ್ಕೋ ತಗುಲಿ ನಿಂತಿತು.

‘ಬಾಣಂತಿ ಎಲ್ಲಿ ಮಲಗ್ತಾಳೆ ಬೀಗಿತ್ತಿ, ಹಂಡೆ ಒಳಗಾ?’ ಅಂದರು. ‘ಜಾಗ ಇಲ್ದಿದ್ರೆ ಬುಡಿ. ನಮ್ಮನೇಲೇ ಬಾಣಂತನ ಮಾಡ್ತೀವಿ.’

ನಗುತ್ತಲೇ ಅಂದರು. ಆದರೆ ಗುರುಮಲ್ಲಮ್ಮನವರಿಗೆ ಅವತ್ತು ಅನ್ನ ಇಳಿಯಲಿಲ್ಲ. ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರಲಾಗದ ಮನೆ ಅನ್ನಿಸಿಕೊಂಡು ಊರಲ್ಲಿ ತಿರುಗುವುದು ಹೇಗೆ? ಗಂಡ ಸೈಕಲ್ ಇಳಿಯುತ್ತಲೇ ಕೇಳಿದರು.

‘ಮಗಳು ಬೇಕಾ, ಗುಜ್ರಿ ಬೇಕಾ?’

ಚಿಕ್ಕಬಸವಯ್ಯ ಸ್ವಲ್ಪ ಹೊತ್ತು ಯೋಚಿಸಿದರು. ಯೋಚಿಸಿದ್ದೇ ತಪ್ಪಾಯಿತು.

‘ಇದ್ಕೆ ಯೋಚ್ನೆ ಬೇರೆ ಮಾಡ್ತೀರಾ?’

‘ಮಗಳೇ ಕಣಮ್ಮಿ,’ ಅಂದು ಅವರು ಕೈಕಾಲು ತೊಳೆಯಲು ಹೋದರು. ತೊಳೆದು ಬರಲು ಬಹಳ ಹೊತ್ತು ಹಿಡಿಯಿತು.

ಗುಂಡ್ಲುಪೇಟೆಗೆ ಆಗಾಗ ಕೇರಳದ ಒಬ್ಬ ವ್ಯಾಪಾರಿ ಬರುತ್ತಿದ್ದ. ರೆಸಾರ್ಟುಗಳಲ್ಲಿ ಅಂದಕ್ಕೆ ಇಡಲು ಹಳೆಯ ಸಾಮಾನು ಕೊಳ್ಳುವವನು. ಚಿಕ್ಕಬಸವಯ್ಯನವರೇ ಹೋಗಿ ಅವನಿಗೆ ಹೇಳಿ ಬಂದರು. ಮಂಗಳವಾರ ಬೆಳಿಗ್ಗೆ ಮನೆ ಮುಂದೆ ಜೀಪು ನಿಂತಿತು. ಅವರು ಜಗಲಿಯ ಕೊನೆಯಲ್ಲಿ ಬೆನ್ನು ತಿರುಗಿಸಿ ಕೂತು ಸೈಕಲ್ ಚೈನಿಗೆ ಎಣ್ಣೆ ಬಿಡತೊಡಗಿದರು. ಸಾಮಾನು ಹೊರಗೆ ತರುವ ಕೆಲಸ ಗುರುಮಲ್ಲಮ್ಮನವರಿಗೆ ಬಿತ್ತು.

ಮೊದಲು ಹಂಡೆ ಬಂತು. ಅವರು ಅದನ್ನು ಜೀಪಿನ ಕಡೆ ಇಡದೆ ಬಾಗಿಲ ಪಕ್ಕಕ್ಕೆ ಇಟ್ಟರು.

‘ಚೇಚಿ, ಅದು?’ ಅಂದ ವ್ಯಾಪಾರಿ. ಅವರ ಕಡೆ ಅಕ್ಕನನ್ನು ಹಾಗೆ ಕರೆಯುತ್ತಾರೆ.

‘ಅದು ಬಾಣಂತಿ ನೀರಿಗೆ. ಬೇರೆದ್ರಲ್ಲಿ ಕಾಸಿದ್ ನೀರು ಮೈಗೆ ಹತ್ತಲ್ಲ.’

ಆಮೇಲೆ ಮರದ ತೊಟ್ಟಿಲು ಬಂತು. ಅದನ್ನು ಕೇಳುವ ಧೈರ್ಯ ಅವನಿಗೇ ಬರಲಿಲ್ಲ. ಕೂಸಿಗೆ ಹಾಲು ಹಾಕುವ ಬೆಳ್ಳಿಯ ಒಳಲೆ ಬಂತು. ಅದು ಸೀದಾ ಗುರುಮಲ್ಲಮ್ಮನವರ ಸೊಂಟಕ್ಕೆ ಸೇರಿತು.

‘ಸೇರು?’

‘ತೊಟ್ಟಿಲು ಶಾಸ್ತ್ರಕ್ಕೆ ಅಕ್ಕಿ ಅಳೀಬೇಡ್ವಾ?’

‘ಶ್ಯಾವಿಗೆ ಒರಳು?’

‘ಬೀಗರು ಬಂದ್ರೆ ಏನ್ ಮಾಡಿಕ್ಕನ?’

‘ಈ ಬೀಗದ ಬುಟ್ಟಿ, ಚೇಚಿ?’

ಗುರುಮಲ್ಲಮ್ಮ ತಿರುಗಿ ನೋಡಿದರು. ಜಗಲಿಯ ಕೊನೆಯಲ್ಲಿ ಎಣ್ಣೆ ಚೈನಿಗೆ ಬೀಳದೆ ನೆಲಕ್ಕೆ ಬೀಳುತ್ತಿತ್ತು.

‘ಅದು ಆಡೋ ಸಾಮಾನು,’ ಅಂದರು.

‘ಯಾರು ಆಡೋದು?’

‘ಈಗ ಇವ್ರು ಆಡ್ತಾರೆ. ಆಮೇಲೆ ಕೂಸು.’

ವ್ಯಾಪಾರಿ ಒಳ್ಳೆಯವನು. ಒಂದು ಲೋಟ ಕಾಫಿ ಕುಡಿದು ಎದ್ದ. ಅಷ್ಟು ದೂರ ಬಂದವನನ್ನು ಬರಿಗೈಯಲ್ಲಿ ಕಳಿಸಬಾರದೆಂದು ಗುರುಮಲ್ಲಮ್ಮ ಗೋಡೆ ಗಡಿಯಾರ ತಂದು ಕೊಟ್ಟರು.

‘ತಗೊಂಡೋಗಪ್ಪ. ಸರಿಯಾಗೇ ಐತೆ, ಎಂಟು ಕಳೀಬೇಕು ಅಷ್ಟೆ.’

ಜೀಪು ಹೋಯಿತು. ಕೋಣೆ ಖಾಲಿ, ಜಗಲಿ ಭರ್ತಿ. ಈಗ ಮನೆಯೊಳಗೆ ಹೋಗುವುದಕ್ಕೇ ದಾರಿಯಿಲ್ಲ. ಚಿಕ್ಕಬಸವಯ್ಯ ಹೆಂಡತಿಯ ಮುಖ ನೋಡಿದರು. ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಜೀಪು ವಾಪಸ್ ಕರೆಸುತ್ತಾರೋ ಎಂಬ ಭಯ.

‘ನಮ್ಮ ಮಗಳು ತವರಿಗೆ ಬತ್ತಾಳೆ,’ ಅಂದರು ಗುರುಮಲ್ಲಮ್ಮ. ‘ಇವ್ಕೂ ಒಂದೊಂದು ತವರು ಐತಲ್ಲ. ಬಾಣಂತನಕ್ಕೆ ಬೇಕಾದ್ದು ಬುಟ್ಟು ಮಿಕ್ಕಿದ್ದ ಕಳ್ಸಿ. ಆರು ತಿಂಗಳು ಇದ್ದು ಬರ್ಲಿ.’

ಸೈಕಲ್ ಮೊದಲ ಸಲ ಹಳೆಯ ಸಾಮಾನು ಹೊತ್ತು ಮನೆಯಿಂದ ಹೊರಟಿತು. ಎಲೆ ಅಡಿಕೆ ಪೆಟ್ಟಿಗೆ ಹಿಂದಿನ ಬೀದಿಯ ಸಣ್ಣಮ್ಮನದು. ಅತ್ತೆ ಸತ್ತ ಮೇಲೆ ಸ್ಟೀಲ್ ಡಬ್ಬಕ್ಕೆ ಬದಲಾಗಿ ಕೊಟ್ಟಿದ್ದಳು. ಸೈಕಲ್ ಕಂಡು ಅವಳಿಗೆ ಗಾಬರಿ.

‘ಡಬ್ಬ ವಾಪಸ್ ಕೇಳಕೆ ಬಂದ್ರಾ ಅಣ್ಣ? ಮುಚ್ಚಳ ಎಲ್ಲೋ ಓಗ್ಬುಟ್ಟದೆ.’

‘ಡಬ್ಬ ನಿಂದೇ ಕಣವ್ವ. ಇದೂ ನಿಂದೇ. ಆರು ತಿಂಗಳು ಮಡಿಕೊ.’

ಸಣ್ಣಮ್ಮ ಪೆಟ್ಟಿಗೆ ತೆರೆದಳು. ಮುಚ್ಚಳದ ಒಳಗೆ ಅತ್ತೆ ಬೆರಳಿನಿಂದ ಸುಣ್ಣ ಒರೆಸಿದ ಗುರುತು ಹಾಗೇ ಇತ್ತು. ಅದನ್ನು ತೊಳೆಯಲು ಚಿಕ್ಕಬಸವಯ್ಯ ಒಂದು ದಿನವೂ ಬಿಟ್ಟಿರಲಿಲ್ಲ.

ಶ್ಯಾವಿಗೆ ಒರಳು ಹಂಗಳದ ಮೂಗಮ್ಮನ ಮನೆಗೆ ಹೋಯಿತು. ಬೀಗರಿಗೆ ಅಂಗಡಿ ಶ್ಯಾವಿಗೆಯೇ ಸಾಕು, ಶಾಸ್ತ್ರದ ಅಕ್ಕಿಗೆ ಸೇರು ಬೇಡ, ಪಾವು ಸಾಕು ಎಂದು ಗುರುಮಲ್ಲಮ್ಮನವರೇ ಮಾತು ಬದಲಿಸಿದ್ದರು. ವಾರದೊಳಗೆ ಜಗಲಿ ಖಾಲಿಯಾಯಿತು. ಶಾಂತಿ ಬಂದಳು, ಹೆಣ್ಣು ಕೂಸಾಯಿತು. ಶಾಂತಿಯ ಅತ್ತೆ ಬಂದು ಕೋಣೆಯ ಬಾಗಿಲು ತಳ್ಳಿದರು. ಅದು ಗೋಡೆಗೆ ಹೋಗಿ ಬಡಿಯಿತು. ಗುರುಮಲ್ಲಮ್ಮ ಅವತ್ತು ಎರಡು ಸಲ ಊಟ ಮಾಡಿದರು.

ಆರು ತಿಂಗಳಾಗಿ ಶಾಂತಿ ಗಂಡನ ಮನೆಗೆ ಹೋದ ಮೇಲೆ ಚಿಕ್ಕಬಸವಯ್ಯ ಸಾಮಾನು ಕರೆತರಲು ಹೊರಟರು. ಸಣ್ಣಮ್ಮ, ‘ಇನ್ನೊಂದು ವಾರ ಇರ್ಲಿ ಅಣ್ಣ, ನಂಟರು ಬತ್ತಾರೆ’ ಅಂದಳು. ವಾರ ಬಿಟ್ಟು ಹೋದರೆ, ‘ಅದ್ರಲ್ಲಿ ರೇಷನ್ ಕಾರ್ಡು ಮಡಗಿವ್ನಿ. ಬೇರೆ ಕಡೆ ಇಟ್ರೆ ಮರ್ತೋಯ್ತೀನಿ’ ಅಂದಳು. ಹಂಗಳದ ಮೂಗಮ್ಮ ಕೂರಿಸಿ, ಒತ್ತು ಶ್ಯಾವಿಗೆಗೆ ಕಾಯಿಹಾಲು ಹಾಕಿ ಹೊಟ್ಟೆ ತುಂಬ ತಿನ್ನಿಸಿದಳು. ಒರಳಿನ ಮಾತು ತೆಗೆದಾಗ ಸೊಂಟದ ಮೇಲೆ ಕೈಯಿಟ್ಟಳು.

‘ತಿಂದ್ಬುಟ್ಟು ಒರಳು ಬೇರೆ ಕೇಳ್ತೀರಾ?’

ಖಾಲಿ ಸೈಕಲ್ ತಳ್ಳಿಕೊಂಡು ಮನೆಗೆ ಬಂದರು.

‘ಕೊಡಲ್ಲ ಅಂತಾರೆ ಕಣಮ್ಮಿ.’

‘ಬೇಜಾರಾಯ್ತಾ?’

‘ಊಂ’ ಅಂದು ಎರಡನೇ ಮುದ್ದೆ ಹಾಕಿಸಿಕೊಂಡರು. ಬೇಜಾರಿನಲ್ಲಿ ಅವರು ಎರಡನೇ ಮುದ್ದೆ ಉಂಡದ್ದನ್ನು ಗುರುಮಲ್ಲಮ್ಮ ಮದುವೆಯಾದಂದಿನಿಂದ ನೋಡಿರಲಿಲ್ಲ.

ಆಮೇಲೆ ಅವರು ಪಾತ್ರೆ ವ್ಯಾಪಾರ ಬಿಟ್ಟರು, ಸುತ್ತುವುದು ಬಿಡಲಿಲ್ಲ. ‘ಹೆಂಗವೆ ಅಂತ ನೋಡ್ಕಂಡು ಬತ್ತೀನಿ’ ಎಂದು ಹೊರಡುವುದು. ಲಾಂದ್ರದ ಗಾಜಿಗೆ ಮಸಿ ಹಿಡಿದಿದ್ದರೆ ಅಲ್ಲೇ ಕೂತು ಒರೆಸುವುದು. ಸೇರಿನಲ್ಲಿ ಕೋಳಿ ಮೊಟ್ಟೆ ಇಟ್ಟಿದ್ದರೆ ಬೈದು, ಎರಡು ಮೊಟ್ಟೆ ತೆಗೆದುಕೊಂಡು ಬರುವುದು. ಮೊಟ್ಟೆ ತಿನ್ನದ ಮನೆ. ಅವನ್ನು ಪಕ್ಕದ ಮನೆಗೆ ಕೊಡುವುದು ಗುರುಮಲ್ಲಮ್ಮನವರ ಕೆಲಸ.

ಎರಡು ಸಾವಿರದ ಎಂಟರಲ್ಲಿ ಚಿಕ್ಕಬಸವಯ್ಯ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಸಣ್ಣಮ್ಮ ಸೆರಗಿನಲ್ಲಿ ಪೆಟ್ಟಿಗೆ ಮುಚ್ಚಿಕೊಂಡು ಬಂದಳು.

‘ಅಣ್ಣ ಇರೋಗಂಟ ಕೊಡ್ನಿಲ್ಲ. ತಪ್ಪಾಯ್ತು. ತಗೊಳ್ಳಿ ಅಕ್ಕ.’

ಗುರುಮಲ್ಲಮ್ಮ ಪೆಟ್ಟಿಗೆ ನೋಡಿದರು. ‘ಇದು ನಿಮ್ಮತ್ತೆದು. ಮುದುಕಿನೇ ಇಲ್ಲ, ಪೆಟ್ಗೆ ಯಾಕೆ ಅಂತ ನೀನೇ ಕೊಟ್ಟಿದ್ದೆ. ಆಮೇಲೆ ಸೈಕಲ್ ಹಿಂದೆ ಬೀದಿ ಕೊನೆಗಂಟ ಬಂದು ನಿಂತ್ಕಂಡಿದ್ಯಂತೆ.’

ಅಂದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಗಂಡ ಹೇಳುವಾಗ ಒಂದು ದಿನವೂ ಕಿವಿಗೊಡಲಿಲ್ಲ ಎಂದೇ ಅವರು ತಿಳಿದಿದ್ದರು. ಮೂಗಮ್ಮನ ಒರಳು ನೆನೆಸಿಕೊಂಡರು, ಅದರ ಕಥೆಯೂ ಬಂತು. ಲಾಂದ್ರದ್ದೂ ಬಂತು. ಒಂದೂ ಮರೆತಿರಲಿಲ್ಲ.

‘ತಗೊಂಡೋಗು,’ ಅಂದರು. ‘ಸೋಮವಾರ ನೋಡಕೆ ಬತ್ತೀನಿ. ಧೂಳು ಗೀಳು ಇದ್ರೆ ನೋಡು ಮತ್ತೆ.’

ಈಗ ಸುತ್ತುವವರು ಅವರು. ಸೈಕಲ್ ಬರುವುದಿಲ್ಲ. ಹತ್ತಿರಕ್ಕೆ ನಡೆದು, ದೂರಕ್ಕೆ ಬಸ್ಸಿನಲ್ಲಿ.

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವವರು ತೆರಕಣಾಂಬಿಯಲ್ಲಿ ಇಳಿದು ಗುರುಮಲ್ಲಮ್ಮನವರನ್ನು ಒಮ್ಮೆ ನೋಡಿ. ಬೆಳಿಗ್ಗೆ ಬೇಗ ಹೋಗಿ, ಆಮೇಲೆ ಸಿಗುವುದಿಲ್ಲ. ಮನೆಯಲ್ಲಿ ತೋರಿಸುವಂಥದ್ದು ಹೆಚ್ಚೇನಿಲ್ಲ. ಅವರು ನಿಮ್ಮನ್ನು ಮನೆಯಿಂದ ಮನೆಗೆ ಕರೆದುಕೊಂಡು ಹೋಗುತ್ತಾರೆ. ಕೊಳ್ಳುವ ಮಾತು ಎತ್ತಬೇಡಿ. ಬೀಗದ ಬುಟ್ಟಿ, ಬೀಗದ ಕೈಗಳ ಗೊಂಚಲು ಮಾತ್ರ ಇನ್ನೂ ಅವರ ಹತ್ತಿರವೇ ಇವೆ. ನಿಮ್ಮ ಮನೆಯಲ್ಲಿ ಕೈ ಕಳೆದುಹೋದ ಹಳೆಯ ಬೀಗವಿದ್ದರೆ ತೆಗೆದುಕೊಂಡು ಹೋಗಿ. ಅವರು ಒಂದೊಂದಾಗಿ ಹಾಕಿ ನೋಡುತ್ತಾರೆ. ಅಲ್ಲಿಯತನಕ ಕೂತಿರಿ.